ಹತ್ತಕ್ಕೆ ಹತ್ತು

ಮಾರ್ಚ್ 4

ಇವತ್ತು ಚೂಟಿಯನ್ನು ಮನೆಗೆ ಕರೆತಂದೆವು. ನಲವತ್ತೊಂದು ದಿನ ಆಸ್ಪತ್ರೆಯಲ್ಲಿದ್ದಳು. ಹನ್ನೊಂದು ತುಂಬಿದ ಹುಡುಗಿ ಎಂಟರವಳ ಹಾಗೆ ಸೊರಗಿಹೋಗಿದ್ದಾಳೆ. ತಲೆಯ ಎಡಭಾಗದಲ್ಲಿ ಬೋಳಿಸಿದ ಕಡೆ ಕೂದಲು ಈಗಷ್ಟೇ ಮೊಳೆಯುತ್ತಿದೆ. ಹೊಲಿಗೆಯ ಗೆರೆ ಕಿವಿಯ ಮೇಲಿನಿಂದ ನೆತ್ತಿಯವರೆಗೂ ಹೋಗಿದೆ. ಮೆಟ್ಟಿಲುಗಳನ್ನು ತಾನೇ ಹತ್ತಿದಳು. ಮೂರನೇ ಮಹಡಿಗೆ ಬಂದಾಗ ತಿರುಗಿ ನಿಂತು, "ಅಪ್ಪ, ನಾವು ಎಲ್ಲಿಗೆ ಹೋಗಿದ್ವಿ?" ಎಂದಳು.

"ಆಸ್ಪತ್ರೆಗೆ ಮರಿ."

"ಯಾರಿಗೆ ಏನಾಗಿತ್ತು?"

ಬಾಗಿಲ ಬೀಗಕ್ಕೆ ಕೀಲಿ ಹಾಕುತ್ತಿದ್ದ ಇವಳ, ನನ್ನ ಹೆಂಡತಿಯ, ಕೈ ಹಾಗೇ ನಿಂತುಬಿಟ್ಟಿತು.

ಡಾಕ್ಟರು ಬಿಡುಗಡೆ ಮಾಡುವಾಗ ಕೂರಿಸಿಕೊಂಡು ಹೇಳಿದ್ದಾರೆ. ನಡೆಯುತ್ತಾಳೆ, ಮಾತಾಡುತ್ತಾಳೆ, ಓದುತ್ತಾಳೆ. ಹಳೆಯದೆಲ್ಲ ಬಹುಪಾಲು ಇದೆ. ಹೊಸದು ಕೆಲವು ಉಳಿಯುತ್ತದೆ, ಬಹಳಷ್ಟು ಜಾರಿಹೋಗುತ್ತದೆ. "ಅದಕ್ಕಿಂತ ಕಷ್ಟ ಏನು ಗೊತ್ತಾ? ಜಾರಿಹೋಗ್ತಿದೆ ಅನ್ನೋದು ಅವಳಿಗೆ ಗೊತ್ತಿಲ್ಲ. ಎಲ್ಲಾ ನೆನಪಿದೆ ಅಂತಾನೇ ಅಂದ್ಕೊಂಡಿದ್ದಾಳೆ. ಅದನ್ನ ಮೊದಲು ಅವಳಿಗೆ ಅರ್ಥ ಮಾಡಿಸ್ಬೇಕು."

ದಿನದಿನದ ಬದಲಾವಣೆ ಬರೆದಿಡಿ ಎಂದರು. ಎರಡು ಪುಸ್ತಕ ಕೊಂಡೆ. ಡಾಕ್ಟರಿಗೆ ತೋರಿಸುವುದು ಒಂದು. ಇದು ನನಗೆ.

ಹೇಗಾಯಿತು ಎಂಬುದನ್ನು ಒಮ್ಮೆ ಬರೆದು ಮುಗಿಸುತ್ತೇನೆ. ಜನವರಿ 22ರಂದು ಶಾಲೆಗೆ ರಜೆ ಎಂದು ನನ್ನ ಜೊತೆ ಕೆಲಸದ ಕಡೆ ಬಂದಿದ್ದಳು. ಅಟ್ಟದ ಮೇಲಿನ ಡಬ್ಬ ತೆಗೆಯಲು ಏಣಿ ಹತ್ತಿದಳು. ನೆಲ ಒದ್ದೆಯಿತ್ತು, ಏಣಿ ಜಾರಿತು. ಅಷ್ಟೇ.

ಮಾರ್ಚ್ 7

ಆರು ವಾರದ ಮೇಲೆ ಲ್ಯಾಬಿನ ಬಾಗಿಲು ತೆಗೆದೆ. ಎರಡು ಕೋಣೆ: ಮುಂದಿನದರಲ್ಲಿ ಮೇಜು, ಫೋನು, ಪಾಲಿಷ್ ಯಂತ್ರ, ಹಿಂದಿನದರಲ್ಲಿ ಪ್ಲಾಸ್ಟರ್ ಚೀಲಗಳು, ಒಲೆ, ಅಟ್ಟ. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಹಲ್ಲಿನ ಸೆಟ್ಟು ಮಾಡಿ ಕೊಡುತ್ತೇನೆ. ಮೇಜಿನ ಮೇಲೆ ಹದಿನಾರು ಬಾಯಿಗಳು ಕಾದು ಕುಳಿತಿದ್ದವು. ಅಷ್ಟೂ ಜನ ಆರು ವಾರದಿಂದ ಗಂಜಿ ಕುಡಿದಿರಬೇಕು.

ಏಣಿಯನ್ನು ಹಿತ್ತಿಲ ಓಣಿಗೆ ಸಾಗಿಸಿದೆ. ಹಿಂದಿನ ಕೋಣೆಯ ನೆಲವನ್ನು ಯಾರೋ ತೊಳೆದಿದ್ದಾರೆ. ಯಾರೆಂದು ಕೇಳಲಿಲ್ಲ.

ಮಾರ್ಚ್ 12

ನೆನಪಿನ ಟೀಚರ ಬಳಿ ಮೊದಲ ಪಾಠ. ಅವರ ಹುದ್ದೆಗೆ ಆಸ್ಪತ್ರೆಯವರು ಉದ್ದದ ಹೆಸರಿಟ್ಟಿದ್ದಾರೆ. ಚೂಟಿ ಇಟ್ಟ ಹೆಸರೇ ಸರಿಯಾಗಿದೆ. ನಡುವಯಸ್ಸಿನ ಹೆಂಗಸು, ಮೆಲುದನಿ, ದುಡುಕು ಎಂಬುದೇ ಇಲ್ಲ.

ಹತ್ತು ಪದ ಓದಿದರು. ಮರ, ಗಡಿಯಾರ, ಬೆಕ್ಕು, ಛತ್ರಿ, ಉಪ್ಪು, ಸೇತುವೆ, ಚಮಚ, ಕುದುರೆ, ಕಿಟಕಿ, ಮೋಡ. ತೆರೆದ ಬಾಗಿಲ ಹೊರಗೆ ಗೋಡೆಗೊರಗಿ ಕುಳಿತ ನನಗೇ ಹತ್ತೂ ಬಾಯಿಪಾಠವಾಗಿದೆ.

"ಹತ್ತು ನಿಮಿಷ ಆದ್ಮೇಲೆ ಕೇಳ್ತೀನಿ. ಎಷ್ಟು ನೆನಪಿರುತ್ತೆ ನಿಂಗೆ?"

"ಹತ್ತಕ್ಕೆ ಹತ್ತು!" ಯಾವುದೇ ಅನುಮಾನವಿಲ್ಲ. ಮೊದಲೂ ಹೀಗೇ ಇದ್ದಳು. ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದಳೆಂದೇ ಅಲ್ಲವೇ ಚೂಟಿ ಎಂದು ಕರೆದದ್ದು.

ಹತ್ತು ನಿಮಿಷ ಮರದ ತುಂಡುಗಳನ್ನು ಜೋಡಿಸಿ ಆಟವಾಡಿದರು. ಆಮೇಲೆ ಕೇಳಿದಾಗ ಹೇಳಿದ್ದು: ಬೆಕ್ಕು, ಮರ, ಹಡಗು, ಮೇಜು, ಹಲ್ಲು. ಎರಡು ಸರಿ, ಮೂರು ಅವಳದೇ ಸೃಷ್ಟಿ.

"ಎಲ್ಲಾ ಹೇಳ್ದೆ ನೋಡಿ" ಎಂದು ಕಾಲು ಆಡಿಸಿದಳು.

ನನಗೆ ತಡೆಯಲಾಗಲಿಲ್ಲ. "ಇಲ್ಲ ಮರಿ, ಎರಡೇ ಹೇಳಿದ್ದು. ಗಡಿಯಾರ ಇತ್ತು, ಛತ್ರಿ ಇತ್ತು..."

"ಇರ್ಲಿಲ್ಲ. ನೀನು ಹೊರಗಡೆ ಕೂತಿದ್ದೆ, ನಿಂಗೇನ್ ಗೊತ್ತು?" ಎಂದು ಮುಖ ಕೆಂಪು ಮಾಡಿಕೊಂಡಳು.

ಹೊರಡುವಾಗ ಟೀಚರು ನನ್ನನ್ನು ಪಕ್ಕಕ್ಕೆ ಕರೆದರು. "ನೀವು ತಿದ್ದಬೇಡಿ ಸರ್. ನೀವು ತಿದ್ದಿದಷ್ಟೂ ಅವಳು ನಿಮ್ಮ ಜೊತೆ ಜಗಳ ಆಡ್ತಾಳೆ. ಅವಳ ಲೆಕ್ಕ ಅವಳೇ ನೋಡ್ಬೇಕು."

ಮಾರ್ಚ್ 15

ನಮ್ಮಮ್ಮನಿಗೆ ಮೊಮ್ಮಗಳ ಕಾಯಿಲೆ ಇನ್ನೂ ಅರ್ಥವಾಗಿಲ್ಲ, ಅಥವಾ ಅರ್ಥವಾಗಿಯೇ ಹೀಗೆ ಆಡುತ್ತಾರೋ. "ನಂಗೂ ನೆನಪಿರಲ್ಲ ಬಿಡೇ, ನಾನೇನ್ ಆಸ್ಪತ್ರೆಗೆ ಹೋಗಿದ್ನಾ?" ಎನ್ನುತ್ತಾರೆ. ಬೆಳಗಿನ ಬ್ರೆಡ್ಡು ಹಾಲು ಮುಗಿಸಿದ ಅರ್ಧ ಗಂಟೆಗೆ ಚೂಟಿ "ಅಜ್ಜಿ, ತಿಂಡಿ" ಎಂದಳು. ಅಜ್ಜಿ ಮತ್ತೆ ಕೊಟ್ಟರು. ಮೂರನೇ ಸಲ ಕೇಳಿದಾಗಲೂ ಕೊಟ್ಟರು. "ತಿನ್ನೋ ವಯಸ್ಸು, ತಿನ್ಲಿ. ನನ್ ಹಲ್ಲೇನ್ ಸವೆಯುತ್ತಾ? ಸವೆದ್ರೂ ಮಗ ಇದ್ದಾನೆ ಮಾಡಿಕೊಡೋಕೆ" ಎಂದು ನಾನು ಮಾಡಿದ ಹಲ್ಲಿನ ಸೆಟ್ಟನ್ನು ಪೂರ್ತಿ ತೋರಿಸಿ ನಕ್ಕರು. ಚೂಟಿಯೂ ನಕ್ಕಳು. ಇವಳು ಮಾತ್ರ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಮಧ್ಯಾಹ್ನ ಕನ್ನಡಿಯ ಮುಂದೆ ಗಾಯದ ಗೆರೆ ಮುಟ್ಟಿ ನೋಡಿಕೊಳ್ಳುತ್ತ ಕೇಳಿದಳು. "ಅಪ್ಪ, ನಾನು ಹೇಗೆ ಬಿದ್ದೆ?"

"ನೆಲ ಒದ್ದೆ ಇತ್ತು ಮರಿ. ಏಣಿ ಜಾರ್ತು."

"ಓ" ಎಂದು ಬಾಚಣಿಗೆ ಎತ್ತಿಕೊಂಡಳು.

ಏಪ್ರಿಲ್ 9

ಟೀಚರು ಇವತ್ತು ಚೂಟಿಗೆ ಒಂದು ಹಳದಿ ರಟ್ಟಿನ ನೋಟ್‌ಬುಕ್ ಕೊಟ್ಟಿದ್ದಾರೆ. ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುವಷ್ಟು ಸಣ್ಣದು. ಆಗಿದ್ದನ್ನೂ ಕೇಳಿದ್ದನ್ನೂ ಅಲ್ಲಲ್ಲೇ ಬರೆಯಬೇಕು. ಸಂಜೆ ಅವಳಮ್ಮ ಜೊತೆಗೆ ಕೂತು ಓದಿಸಬೇಕು.

"ನಂಗ್ಯಾಕೆ ಇದು? ಅಜ್ಜಿಗೆ ಕೊಡಿ" ಎಂದಳು ಚೂಟಿ. ಆದರೂ ಹಳದಿ ಬಣ್ಣ ಇಷ್ಟವಾಯಿತು. ಮೊದಲ ಪುಟದಲ್ಲಿ ಬೆಕ್ಕಿನ ಚಿತ್ರ ಬರೆದಿದ್ದಾಳೆ.

ಏಪ್ರಿಲ್ 14

ಹೇಗೆ ಬಿದ್ದೆ ಎಂದು ಮತ್ತೆ ಕೇಳಿದಳು. ಬೂಟು ಹಾಕಿಸುತ್ತಿದ್ದೆ, ತಲೆಯೆತ್ತಲಿಲ್ಲ. ಏಣಿಯ ಒಂದು ಮೆಟ್ಟಿಲು ಸಡಿಲ ಇತ್ತು, ಮುರೀತು ಎಂದೆ. ಯಾಕೆ ಹಾಗೆ ಬಾಯಿಗೆ ಬಂತೋ. ನಿಜಕ್ಕೂ ಒಂದು ಮೆಟ್ಟಿಲು ಸಡಿಲವಿದೆ. ಹೇಗೂ ನಾಳೆಯ ಹೊತ್ತಿಗೆ ಅವಳ ತಲೆಯಲ್ಲಿ ಇರುವುದಿಲ್ಲ.

ಏಪ್ರಿಲ್ 22

ಶಾಲೆಗೆ ಅರ್ಧ ದಿನ ಕಳಿಸಿ ನೋಡೋಣ ಎಂದರು ಡಾಕ್ಟರು. ಕಳಿಸಿದೆವು. ಕರೆತರಲು ಹೋದ ಇವಳು ಬಾಗಿಲ ಬಳಿ ನಿಂತು ನೋಡಿದ್ದನ್ನು ನನಗೆ ಹೇಳಿದ್ದು ಅಡುಗೆಮನೆಯಲ್ಲಿ, ಪಾತ್ರೆ ಉಜ್ಜುತ್ತ, ಬೆನ್ನು ತಿರುಗಿಸಿಕೊಂಡೇ.

ಶಾಲೆಯ ಟೀಚರು ಹೋಂವರ್ಕ್ ಮಾಡಿದ್ದೀಯಾ ಎಂದರೆ ಚೂಟಿ ಎದ್ದು ನಿಂತು ಮಾಡಿದ್ದೇನೆ ಎಂದಳಂತೆ. ತೋರಿಸು ಎಂದರೆ ಚೀಲವೆಲ್ಲ ಹುಡುಕಿದಳಂತೆ. ಹಿಂದಿನ ಸಾಲಿನ ಮೂವರು "ನಿನ್ ಹೆಸರೇನು ಹೇಳು, ನಾವು ಎಷ್ಟು ಜನ ಹೇಳು" ಎಂದು ಶುರುಮಾಡಿದರಂತೆ. ಚೂಟಿ ಕುಣಿಕುಣಿದು ಉತ್ತರ ಕೊಟ್ಟಳಂತೆ. ಅವರು ನಗುತ್ತಿದ್ದಾರೆಂದು ತಾನೂ ನಕ್ಕಳಂತೆ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದದ್ದು: ಶಾಲೆಯಲ್ಲಿ ಎಲ್ಲರೂ ನನ್ನ ಜೊತೆ ಮಾತಾಡಿದರು.

"ಅವಳಿಗೆ ಗೊತ್ತಾಗದೇ ಇರೋದೇ ವಾಸಿ ಅನ್ಸುತ್ತೆ ರೀ" ಎಂದಳು ಇವಳು.

"ಡಾಕ್ಟರು ಹೇಳಿದ್ದು ಮರೆತ್ಯಾ? ಗೊತ್ತಾದ್ರೇನೇ ಸುಧಾರಿಸೋದು" ಎಂದೆ. ತಿಳಿದವನ ಹಾಗೆ ಹೇಳಿದೆ.

ಏಪ್ರಿಲ್ 29

ಇವತ್ತು ಊಟದ ಮೇಜಿನಲ್ಲಿ ಎಲ್ಲರೆದುರಿಗೂ ಕೇಳಿದಳು, ಹೇಗೆ ಬಿದ್ದೆ ಎಂದು. ಇವಳು ನನ್ನ ಕಡೆ ನೋಡಿದಳು. ನೀನೇ ಜಾಸ್ತಿ ಬಗ್ಗಿದೆ, ಕೈ ಉದ್ದ ಚಾಚಿದೆ ಎಂದೆ. ಅದು ಸುಳ್ಳಲ್ಲ. ಚಾಚಿದ್ದಳು. ಮಕ್ಕಳಿಗೆ ಎಲ್ಲದರಲ್ಲೂ ಅವಸರ.

ಮೇ 6

ಟೀಚರು ಇಷ್ಟು ದಿನದ ಚೀಟಿಗಳನ್ನೆಲ್ಲ ಒಂದೇ ಹಾಳೆಗೆ ಅಂಟಿಸಿ ಮೇಜಿನ ಮೇಲಿಟ್ಟಿದ್ದರು. ಪ್ರತಿ ಸಲವೂ ಚೂಟಿ ತನ್ನ ಕೈಯಾರೆ ಬರೆದದ್ದು. ನೆನಪಿರುತ್ತೆ ಅಂದಿದ್ದು 10, ನೆನಪಾಗಿದ್ದು 2. ಅಂದಿದ್ದು 10, ಆಗಿದ್ದು 3. 10, 2. 10, 3. 10, 1. ಹಾಳೆಯ ತುಂಬ ಹಾಗೇ.

ಚೂಟಿ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದಳು. ಮತ್ತೆ ಮೇಲಿನಿಂದ ಓದಿದಳು.

"ಇದು ನನ್ನ ಅಕ್ಷರನಾ?"

"ನೀನೇ ನೋಡು."

"ಎರಡು ಹೀಗೆ ಬರೆಯೋದು ನಾನೇ. ಆದ್ರೆ ನಾನು ಬರ್ದಿಲ್ಲ."

ಇವತ್ತಿನ ಹತ್ತು ಪದಗಳಿಗೆ ಎಷ್ಟು ಎಂದಾಗ ಮೊದಲ ಬಾರಿಗೆ ಯೋಚಿಸಿ ಹೇಳಿದಳು, "ಎಂಟು". ನೆನಪಾಗಿದ್ದು ಎರಡು.

ಟೀಚರಿಗೆ ಖುಷಿಯೋ ಖುಷಿ. ಹತ್ತರಿಂದ ಎಂಟಕ್ಕೆ ಇಳಿದದ್ದೇ ದೊಡ್ಡ ಹೆಜ್ಜೆಯಂತೆ.

ಮೇ 12

ಕೇಳಿದಳು. ನೆಲ ಒದ್ದೆಯಿತ್ತು ಎಂದೆ. ಕೆಲಸಕ್ಕೆ ಹೊತ್ತಾಗಿತ್ತು.

ಮೇ 19

ನಾಲ್ಕು ಎಂದಳು, ಮೂರು ಹೇಳಿದಳು. ಟೀಚರು ಎದ್ದು ಬಂದು ಅವಳ ಕೈ ಕುಲುಕಿದರು. ನಾನೂ ಬೆನ್ನು ತಟ್ಟಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ಎರಡು ನಿಲ್ದಾಣ ದಾಟಿದ ಮೇಲೆ ಅಳತೊಡಗಿದಳು. ಸದ್ದಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದಾಗಲೂ ಹೀಗೆ ಅತ್ತವಳಲ್ಲ.

"ಅಪ್ಪ, ನನ್ ತಲೇಲಿ ತೂತಿದೆ ಅಲ್ವಾ?"

"ಛೇ, ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಂಗೇ ಗೊತ್ತಾಯ್ತು." ಕಣ್ಣೊರೆಸಿಕೊಂಡು, "ಶಾಲೇಲಿ ಅವ್ರು ನಗ್ತಿದ್ದಿದ್ದು ನನ್ನ ನೋಡಿನಾ?"

ಶಾಲೆಯ ಆ ದಿನ ಉಳಿದಿದೆ ಅವಳಲ್ಲಿ. ಎಷ್ಟೋ ಒಳ್ಳೆಯ ದಿನಗಳು ಜಾರಿಹೋಗಿ ಅದೊಂದು ಉಳಿದಿದೆ. ನಾನು ಇಲ್ಲ ಎಂದೆ. ಅವಳು ನಂಬಲಿಲ್ಲ, ಆದರೆ ವಾದವನ್ನೂ ಮಾಡಲಿಲ್ಲ. ಜಗಳವಾಡುತ್ತಿದ್ದ ಚೂಟಿಯೇ ಚೆನ್ನಾಗಿದ್ದಳು ಅನ್ನಿಸಿತು. ಇದನ್ನು ಡಾಕ್ಟರ ಪುಸ್ತಕದಲ್ಲಿ ಬರೆಯಲಿಲ್ಲ.

ಮೇ 27

ಈಗ ನೋಟ್‌ಬುಕ್ ಬಿಟ್ಟು ಇರುವುದಿಲ್ಲ. ತಟ್ಟೆಯ ಪಕ್ಕ ಇರುತ್ತದೆ, ಸ್ನಾನಕ್ಕೆ ಹೋದರೆ ಬಾಗಿಲ ಚಿಲಕಕ್ಕೆ ನೇತಾಡುತ್ತದೆ. ತಿಂಡಿ ಕೇಳುವ ಮುಂಚೆ ಪುಟ ತಿರುಗಿಸಿ ನೋಡಿ, "ತಿಂದಿದ್ದೀನಿ" ಎಂದು ಹಿಂದಕ್ಕೆ ಹೋಗುತ್ತಾಳೆ. ಅಜ್ಜಿಗೆ ಬೇಜಾರು. "ಹೊಟ್ಟೆ ಕೇಳ್ಬೇಕು ಕಣೇ, ಪುಸ್ತಕ ಕೇಳೋದಲ್ಲ."

ಟೀಚರು ಹೇಳಿದರು, ಅವಳು ತನ್ನ ಮರೆವನ್ನು ತಾನೇ ಕಾಯುತ್ತಿದ್ದಾಳೆ, ಈ ವಯಸ್ಸಿಗೆ ಇದು ಸಣ್ಣ ವಿಷಯವಲ್ಲ ಎಂದು.

ಜೂನ್ 1

ಇವತ್ತು ಲ್ಯಾಬಿನಿಂದ ಬಂದಾಗ ಚೂಟಿ ನೆಲದ ಮೇಲೆ ನೋಟ್‌ಬುಕ್ ಹರಡಿಕೊಂಡು ಕೂತಿದ್ದಳು. ಪುಟಗಳ ನಡುವೆ ಮೂರು ಕಡೆ ಕಾಗದದ ಚೂರು ಇಟ್ಟಿದ್ದಳು.

"ಅಪ್ಪ, ಇಲ್ಲಿ ನೋಡು. ನಾನು ಎಷ್ಟು ತಪ್ಪು ಬರೀತೀನಿ ನೋಡು."

ಏಪ್ರಿಲ್ 14: ಏಣಿಯ ಮೆಟ್ಟಿಲು ಮುರಿದು ಬಿದ್ದೆ, ಅಪ್ಪ ಹೇಳಿದ್ದು.
ಏಪ್ರಿಲ್ 29: ಜಾಸ್ತಿ ಬಗ್ಗಿ ಬಿದ್ದೆ, ಅಪ್ಪ ಹೇಳಿದ್ದು.
ಮೇ 12: ನೆಲ ಒದ್ದೆ ಇತ್ತು, ಏಣಿ ಜಾರಿ ಬಿದ್ದೆ, ಅಪ್ಪ ಹೇಳಿದ್ದು.

ಅವಳು ಇದನ್ನು ಬರೆದಿಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಸಂಜೆ ಓದಿಸುವ ಇವಳು ಚೂಟಿಯದೇ ತಪ್ಪೆಂದುಕೊಂಡಿರಬೇಕು.

"ನೀನು ಒಂದೇ ಹೇಳಿರ್ತೀಯ. ನಾನು ಮೂರು ಥರ ಬರ್ದಿದೀನಿ. ಬರೆಯುವಾಗ್ಲೇ ಮರೆತುಹೋಗುತ್ತಾ ಅಪ್ಪ ನಂಗೆ?"

ನಾನು ಚೀಲ ಕೆಳಗಿಡಲಿಲ್ಲ. ನಿಂತೇ ಹೇಳಿದೆ. "ಪರವಾಗಿಲ್ಲ ಮರಿ. ಆಗುತ್ತೆ ಹಾಗೆ. ನಿಧಾನಕ್ಕೆ ಸರಿಹೋಗುತ್ತೆ."

ಇನ್ನೇನು ಹೇಳಬೇಕಿತ್ತು.

ಜೂನ್ 3

ಮೂರೂ ಪುಟಗಳ ಮೇಲೆ ಅಡ್ಡಗೆರೆ ಎಳೆದಿದ್ದಾಳೆ. ಬೇರೆ ಪುಟಗಳಲ್ಲೂ ಅಲ್ಲಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾಳೆ. ಸಂಜೆ ಅವಳಮ್ಮ ಓದಲು ಕೂತರೆ, "ಅದ್ರಲ್ಲಿ ಇರೋದು ನಿಜನಾ ಅಂತ ಗೊತ್ತಿಲ್ಲಮ್ಮ" ಎಂದು ಪುಸ್ತಕ ಮುಚ್ಚಿದಳು.

ಜೂನ್ 5

ಎಷ್ಟು ನೆನಪಿರುತ್ತೆ ಎಂದರೆ "ಸೊನ್ನೆ" ಎಂದಳು. ನಾಲ್ಕು ಪದ ಸರಿಯಾಗಿ ಹೇಳಿದಳು. ಇದುವರೆಗಿನ ಅತಿ ಹೆಚ್ಚು. ನಾಲ್ಕೂ ಸರಿ ಎಂದು ಟೀಚರು ಹೇಳಿದರೆ, "ಅದೃಷ್ಟ ಇರ್ಬೇಕು" ಎಂದಳು.

ಟೀಚರು ನನ್ನನ್ನು ಕರೆದರು. "ಮರೀತೀನಿ ಅಂತ ಗೊತ್ತಾಗೋದು ಬೇಕಿತ್ತು. ಆದ್ರೆ ಬರ್ದಿದ್ದನ್ನೂ ನಂಬಲ್ಲ ಅಂದ್ರೆ ಅವಳಿಗೆ ಕಾಲೂರೋಕೆ ಜಾಗನೇ ಇಲ್ಲ ಸರ್. ಮನೇಲಿ ಏನಾದ್ರೂ ಆಯ್ತಾ?"

"ಏನೂ ಇಲ್ಲ ಮೇಡಂ."

ಜೂನ್ 8

ಸ್ನಾನದ ಮನೆಯ ಬಾಗಿಲಲ್ಲಿ ನಿಂತಿದ್ದಳು, ಟವೆಲು ಸುತ್ತಿಕೊಂಡು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಪ್ಪ, ನಂದು ಸ್ನಾನ ಆಯ್ತಾ?"

"ಕೂದಲು ಮುಟ್ಟಿ ನೋಡ್ಕೋ ಮರಿ."

ಮುಟ್ಟಿದಳು. ಬೆರಳು ನೋಡಿಕೊಂಡಳು. "ಒದ್ದೆ ಇದೆ. ಆದ್ರೆ ನಾನು ಹೇಳಿದ್ರೆ ತಪ್ಪಿರ್ಬಹುದು. ನೀನು ಹೇಳು."

ಜೂನ್ 9

ನಮ್ಮ ಮನೆಯ ವಿಳಾಸ ಕೇಳಿದರೆ ಹೇಳಲಿಲ್ಲ. ಐದನೇ ವಯಸ್ಸಿನಿಂದ ಗೊತ್ತಿರುವ ವಿಳಾಸ. ಗೊತ್ತಿದೆಯೆಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಹೇಳಲು ಧೈರ್ಯವಿಲ್ಲ.

ಜೂನ್ 11

ಲ್ಯಾಬಿನಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲು ಹಾಕಿದ್ದೇನೆ. ಪಾಲಿಷ್ ಯಂತ್ರ ಆರಿಸಿದ್ದೇನೆ.

ನೆಲ ಒದ್ದೆಯಿರಲಿಲ್ಲ. ಮೆಟ್ಟಿಲು ಸಡಿಲವಿತ್ತು, ಆದರೆ ಮುರಿಯಲಿಲ್ಲ, ಈಗಲೂ ಹಾಗೇ ಇದೆ. ಹಿತ್ತಿಲಿಗೆ ಹೋಗಿ ನೋಡಿಕೊಂಡು ಬಂದೆ.

ಮುದುಕರೊಬ್ಬರ ಹಳೆಯ ಅಚ್ಚು ಬೇಕಿತ್ತು. ಅಟ್ಟದ ಮೇಲೆ ಮೂಲೆಯ ಡಬ್ಬದಲ್ಲಿತ್ತು. ನನ್ನ ಭಾರಕ್ಕೆ ಆ ಏಣಿ ಅಲುಗುತ್ತದೆಂದು ಚೂಟಿಯನ್ನು ಹತ್ತಿಸಿದೆ. ಅವಳಿಗೆ ಡಬ್ಬಗಳ ಮೇಲಿನ ಹೆಸರು ಗಟ್ಟಿಯಾಗಿ ಓದುವುದೆಂದರೆ ಇಷ್ಟ. ಹತ್ತುವ ಮೊದಲು "ಹಿಡ್ಕೋತೀಯಾ ತಾನೇ?" ಎಂದಳು. ಹಿಡಿದುಕೊಂಡೆ. ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಮುಂದಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಒಂದು ಸಲ ನಿಂತು ಮತ್ತೆ ಬಡಿದುಕೊಂಡಿತು. ಏಣಿ ಬಿಟ್ಟು ಹೋದೆ. ಹಲ್ಲಿನ ಡಾಕ್ಟರೊಬ್ಬರು, ಒಂದು ಹಲ್ಲಿನ ಬಣ್ಣದ ವಿಷಯ, ಇನ್ನೂ ಒಂದು ಛಾಯೆ ಬಿಳಿ ಬೇಕು ಎಂದು. ನಾನು ಬಣ್ಣದ ಪಟ್ಟಿ ಹುಡುಕುತ್ತಿದ್ದೆ. ಆ ಕಡೆಯಿಂದ ಕೂಗಿದಳು. "ಅಪ್ಪ, ಡಬ್ಬ ಸಿಕ್ತು, ಸ್ವಲ್ಪ ದೂರ ಇದೆ. ಹಿಡ್ಕೊಂಡಿದ್ದೀಯಾ?"

ನಾನು ಮುಂದಿನ ಕೋಣೆಯಿಂದಲೇ, ಫೋನನ್ನು ಕೈಯಿಂದ ಮುಚ್ಚಿ, "ಹಿಡ್ಕೊಂಡಿದ್ದೀನಿ, ತೆಗಿ" ಎಂದೆ.

ಅದಕ್ಕೇ ಚಾಚಿದಳು. ನಾನು ಹಾಗೆನ್ನದಿದ್ದರೆ ಚಾಚುತ್ತಿರಲಿಲ್ಲ. ಅವಳು ಚೂಟಿ, ಆದರೆ ಪೆದ್ದಿಯಲ್ಲ.

ಜೂನ್ 12

ಹೇಳಲಾಗಲಿಲ್ಲ.

ಜೂನ್ 13

ಹೇಳಿದರೆ ಅವಳು ಬರೆಯುತ್ತಾಳೆ. ಬರೆದದ್ದನ್ನು ಸಂಜೆ ಅವಳಮ್ಮ ಓದುತ್ತಾಳೆ. ಆಪರೇಷನ್ ಥಿಯೇಟರಿನ ಮುಂದೆ ಐದು ಗಂಟೆ ಬೆಂಚಿನ ಮೇಲೆ ಕೂತಿದ್ದಾಗ ಇವಳ ಕೈ ಹಿಡಿದು ನೆಲ ಒದ್ದೆಯಿತ್ತು ಎಂದವನು ನಾನು. ಇವಳು ನನ್ನನ್ನೇ ಸಮಾಧಾನ ಮಾಡಿದ್ದಳು.

ಜೂನ್ 14

ಭಾನುವಾರ. ಮಧ್ಯಾಹ್ನ ಅಜ್ಜಿ ಮಲಗಿದ್ದರು, ಇವಳು ಬಟ್ಟೆ ಒಣಗಿಸಲು ಮೇಲೆ ಹೋಗಿದ್ದಳು. ಚೂಟಿ ಸುಮ್ಮನೆ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಈಗೀಗ ಹೀಗೇ ಕೂರುತ್ತಾಳೆ. ಎದುರಿಗೆ ನೆಲದ ಮೇಲೆ ಕೂತೆ.

"ಮರಿ, ನೀನು ತಪ್ಪು ಬರೆದಿಲ್ಲ."

"ಯಾವುದು?"

ನೋಟ್‌ಬುಕ್ ತೆಗೆದು ಮೂರೂ ಪುಟ ತೋರಿಸಿದೆ. "ಈ ಮೂರನ್ನೂ ನಾನೇ ಹೇಳಿದ್ದು. ಮೂರು ದಿನ ಮೂರು ಥರ ಹೇಳಿದೆ. ನೀನು ಕೇಳಿದ್ದನ್ನ ಕೇಳಿದ ಹಾಗೇ ಬರೆದಿದ್ದೀಯ. ಒಂದಕ್ಷರ ತಪ್ಪಿಲ್ಲ."

ಅವಳು ಪುಟ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಅವಳ ಮುಖ ಅರಳಿತು. ಇಷ್ಟು ತಿಂಗಳಲ್ಲಿ ಹಾಗೆ ಅರಳಿದ್ದನ್ನು ನಾನು ಕಂಡಿಲ್ಲ. "ನಾನು ಸರಿಯಾಗೇ ಬರ್ದಿದ್ನಾ? ಹಾಗಾದ್ರೆ ಇದ್ರಲ್ಲಿ ಇರೋದೆಲ್ಲಾ ಸರಿನಾ?"

"ಎಲ್ಲಾ ಸರಿ."

ಗೆರೆ ಎಳೆದ ಪುಟಗಳನ್ನು ಅಂಗೈಯಲ್ಲಿ ತೀಡಿದಳು. ನಗು ಇನ್ನೂ ಹಾಗೇ ಇರುವಾಗ ಕೇಳಿದಳು, "ಮತ್ತೆ ಯಾವುದು ನಿಜ?"

ಹೇಳಿದೆ. ಫೋನು, ಮುಂದಿನ ಕೋಣೆ, ನಾನು ಕೂಗಿದ ಮಾತು. ಎಲ್ಲ.

"ನೀನು ಹಿಡ್ಕೊಂಡಿರ್ಲಿಲ್ಲ."

"ಇಲ್ಲ."

"ಹಿಡ್ಕೊಂಡಿದ್ದೀನಿ ಅಂದೆ."

"ಅಂದೆ."

"ಯಾಕೆ?"

"ಫೋನಲ್ಲಿ ಮಾತಾಡ್ತಿದ್ದೆ. ಒಂದೇ ನಿಮಿಷ ಅಂದ್ಕೊಂಡೆ."

"ಅಷ್ಟು ದೊಡ್ಡ ವಿಷಯನಾ ಫೋನಲ್ಲಿ?"

"ಅಲ್ಲ. ಒಂದು ಹಲ್ಲಿನ ಬಣ್ಣ."

ಅವಳು ಪೆನ್ನು ನನ್ನ ಕೈಗೆ ಕೊಟ್ಟಳು. "ನೀನೇ ಬರಿ. ನಾನು ಬರೆದ್ರೆ ಆಮೇಲೆ ನಂಬ್ತೀನೋ ಇಲ್ವೋ."

ಬರೆದೆ. ಕೆಳಗೆ ಸಹಿ ಹಾಕು ಎಂದಳು. ಹಾಕಿದೆ.

ಸಂಜೆ ಇವಳು ಓದಿದಳು. ಓದಿ ಮುಗಿಸಿ ಪುಸ್ತಕವನ್ನು ಮೇಜಿನ ಅಂಚಿಗೆ ನೇರವಾಗಿ ಸರಿಸಿಟ್ಟಳು. "ಆ ಬೆಂಚಿನ ಮೇಲೆ ನೀವು ಅತ್ತಿದ್ದು ನೋಡಿ ನಾನು ನೀರು ತಂದುಕೊಟ್ಟೆ ರೀ" ಎಂದಳು. ಆಮೇಲೆ ತನ್ನ ಹಾಸಿಗೆ ಸುತ್ತಿಕೊಂಡು ಮಗಳ ಕೋಣೆಗೆ ಹೋದಳು.

ಜೂನ್ 15

ಬೆಳಿಗ್ಗೆ ಗಡ್ಡ ಮಾಡಿಕೊಳ್ಳುತ್ತಿದ್ದೆ. ಚೂಟಿ ನೋಟ್‌ಬುಕ್ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಇದು ನಿಂದೇ ಸಹಿನಾ?"

"ಹೌದು ಮರಿ."

"ಇದು ನಿಜನಾ? ನೀನು ಏಣಿ ಬಿಟ್ಟು ಹೋದ್ಯಾ?"

ನಿನ್ನೆ ಹೇಳಿದ್ದು ಅವಳಲ್ಲಿ ಉಳಿದಿಲ್ಲ. ಮೊದಲಿನಿಂದ ಎಲ್ಲ ಹೇಳಿದೆ. ಇವತ್ತು ನಗಲಿಲ್ಲ.

ಜೂನ್ 16

ಇವತ್ತೂ. ಇವತ್ತು ಅತ್ತಳು.

ಜೂನ್ 17

ಇವತ್ತು ಹೊಡೆದಳು. ಎದೆಗೆ, ಎರಡೂ ಮುಷ್ಟಿಯಲ್ಲಿ. ಅಜ್ಜಿ ಬಿಡಿಸಲು ಬಂದವರು ಅರ್ಧದಲ್ಲೇ ನಿಂತು, ಹಾಗೇ ಹಿಂದಕ್ಕೆ ಹೋದರು. ಇವಳು ಅವರಿಗೆ ಹೇಳಿರಬೇಕು. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮಮ್ಮ ಹಲ್ಲಿನ ಸೆಟ್ಟು ತೆಗೆದು ಲೋಟದಲ್ಲಿ ಹಾಕಿಟ್ಟಿದ್ದರು. ಅನ್ನವನ್ನು ಹಾಲಿನಲ್ಲಿ ಕಿವುಚಿಕೊಂಡು ವಸಡಿನಲ್ಲೇ ಉಂಡರು. "ಯಾಕಮ್ಮ?" ಎಂದೆ. "ಇವತ್ಯಾಕೋ ಅದು ಬಾಯಿಗೆ ಹೊಂದ್ತಿಲ್ಲಪ್ಪ" ಎಂದರು. ನನ್ನ ಮುಖ ನೋಡಲಿಲ್ಲ.

ಜೂನ್ 20

ದಿನವೂ ಬೆಳಿಗ್ಗೆ. ಒಂದು ದಿನ ಅಳು, ಒಂದು ದಿನ ಮೌನ, ಒಂದು ದಿನ "ಅಮ್ಮಂಗೆ ಗೊತ್ತಾ?" ದಿನವೂ ಅವಳಿಗೆ ಅದು ಹೊಸದು. ಹೆಜ್ಜೆ ಸದ್ದು ಕೇಳಿದಾಗಲೇ ನಾನು ಕೈಯಲ್ಲಿದ್ದುದನ್ನು ಕೆಳಗಿಟ್ಟು ತಿರುಗುತ್ತೇನೆ.

ಜೂನ್ 22

ಟೀಚರಿಗೆ ಇವಳೇ ಎಲ್ಲ ಹೇಳಿದಳು. ನಾನು ಪಕ್ಕದಲ್ಲಿ ಕೂತಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೂಟಿ ಹೊರಗಿದ್ದಾಗ ಕೇಳಿದರು. "ಪ್ರತಿದಿನ ಹೊಸದಾಗಿ ಪೆಟ್ಟು ಬಿದ್ದ ಹಾಗೆ ಆಗುತ್ತೆ ಮಗುವಿಗೆ. ಬೇಕಾದ್ರೆ ಆ ಒಂದು ಪುಟ ತೆಗೆದು ನಿಮ್ಮ ಹತ್ರ ಇಟ್ಕೊಳ್ಳಿ. ಕೇಳಿದ ದಿನ ತೋರಿಸಿ. ನಾನು ಬೇಡ ಅನ್ನಲ್ಲ."

ಇವಳು ನನ್ನ ಕಡೆ ತಿರುಗಿದಳು. ಎಂಟು ದಿನದ ಮೇಲೆ ಮೊದಲ ಬಾರಿ. ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದಳು.

"ಬೇಡ. ಪುಸ್ತಕದಿಂದ ಒಂದು ಪುಟ ಹೋದ್ರೆ ಅವಳಿಗೆ ಗೊತ್ತಾಗುತ್ತೆ" ಎಂದೆ. "ಇರ್ಲಿ."

ಟೀಚರು ಚೂಟಿಯನ್ನೇ ಒಳಗೆ ಕರೆದು ಕೇಳಿದರು. "ಅಪ್ಪ ಬರೆದಿರೋ ಪುಟ ನಿನ್ನ ಪುಸ್ತಕದಲ್ಲೇ ಇರ್ಬೇಕಾ, ಬೇಡ್ವಾ?"

"ಇರ್ಬೇಕು. ಅದು ನಂದು" ಎಂದಳು.

ಇವತ್ತಿನ ಹತ್ತು ಪದಕ್ಕೆ ನಾಲ್ಕು ಎಂದಳು, ನಾಲ್ಕೇ ಹೇಳಿದಳು. ಇನ್ನೊಂದು ನೆನಪಾಗುತ್ತಾ ಎಂದು ಟೀಚರು ಕೆದಕಿದರೆ, "ಇಲ್ಲ, ಅಷ್ಟೇ ಇರೋದು. ಉಳಿದಿದ್ದು ಹೋಯ್ತು" ಎಂದು ಸಮಾಧಾನವಾಗಿಯೇ ಹೇಳಿದಳು. ದೊಡ್ಡವರ ದನಿ.

ಜೂನ್ 26

ಡಾಕ್ಟರು ತಲೆಯ ಹೊಸ ಚಿತ್ರ ತೆಗೆಸಿ ನೋಡಿದರು. ಆಗಬಹುದಾದ ಚೇತರಿಕೆಯಲ್ಲಿ ಬಹುಪಾಲು ಆಗಿದೆ, ಇನ್ನು ಮೇಲೆ ನಿಧಾನ ಎಂದರು. ನಾಲ್ಕು ಹತ್ತಾಗುವುದಿಲ್ಲ. ಐದಾಗಬಹುದು, ಆರಾಗಬಹುದು. ಶಾಲೆ ಬೇರೆ ನೋಡಬೇಕು. ಚೂಟಿ ಪಕ್ಕದಲ್ಲೇ ಕೂತು ಇದನ್ನು ಒಂದೊಂದಾಗಿ ಬರೆದುಕೊಂಡಳು. "ಚೇತರಿಕೆ" ಎಂಬುದಕ್ಕೆ ಯಾವ ತ ಎಂದು ಡಾಕ್ಟರನ್ನೇ ಕೇಳಿದಳು.

ಜುಲೈ 1

ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಇವಳು ಈಗ ನನ್ನ ಜೊತೆ ಅಗತ್ಯವಿದ್ದಷ್ಟು ಮಾತಾಡುತ್ತಾಳೆ: ಹಾಲು, ಔಷಧಿ, ಬೀಗದ ಕೈ. ಹಾಸಿಗೆ ಇನ್ನೂ ಮಗಳ ಕೋಣೆಯಲ್ಲೇ ಇದೆ.

ಹೆಜ್ಜೆ ಸದ್ದು ಕೇಳಿ ಒಲೆ ಸಣ್ಣ ಮಾಡಿ ತಿರುಗಿದೆ. ಚೂಟಿ ಕೆದರಿದ ತಲೆಯಲ್ಲಿ ನಿಂತಿದ್ದಳು. ಕೈ ಖಾಲಿ. ಕೊರಳಲ್ಲೂ ದಾರವಿಲ್ಲ.

"ಅಪ್ಪ, ನೀನು ಏಣಿ ಬಿಟ್ಟು ಫೋನಿಗೆ ಹೋದೆ. ಹಿಡ್ಕೊಂಡಿದ್ದೀನಿ ಅಂತ ಸುಳ್ಳು ಹೇಳ್ದೆ."

"ಹೌದು ಮರಿ. ಓದಿದ್ಯಾ?"

"ಇಲ್ಲ. ಪುಸ್ತಕ ದಿಂಬಿನ ಕೆಳಗೇ ಇದೆ. ಇನ್ನೂ ತೆಗ್ದಿಲ್ಲ." ಹೇಳುತ್ತ ಹೇಳುತ್ತಲೇ ನಿಂತುಬಿಟ್ಟಳು. ಅವಳ ಕಣ್ಣು ದೊಡ್ಡದಾಯಿತು. "ಅಪ್ಪ, ನಾನು ಓದೇ ಇಲ್ಲ!"

ಓಡಿದಳು. "ಅಮ್ಮಾ! ಅಮ್ಮಾ, ನಂಗೆ ನೆನಪಿದೆ! ಓದ್ದೇನೇ ನೆನಪಿದೆ! ಏಳ್ತಿದ್ದ ಹಾಗೇ ಗೊತ್ತಿತ್ತು!" ಇವಳು ಬಾಚುತ್ತಿದ್ದ ಕೂದಲನ್ನು ಅರ್ಧಕ್ಕೇ ಬಿಟ್ಟು ಓಡಿಬಂದು ಅವಳನ್ನು ತಬ್ಬಿ ಹಾಗೇ ನೆಲಕ್ಕೆ ಕುಸಿದಳು. ನಮ್ಮಮ್ಮ ಬರಿ ವಸಡಿನಲ್ಲಿ ಏನೇನೋ ಹೇಳುತ್ತ ಇಬ್ಬರ ತಲೆಯನ್ನೂ ಸವರಿದರು. ಏನು ನೆನಪಿದೆ, ಹೇಳು ಹೇಳು ಎಂದು ಇವಳು ಕೇಳಿದಳು. ಚೂಟಿ ಮತ್ತೆ ಮೊದಲಿನಿಂದ ಹೇಳಿದಳು. ಫೋನು, ಮುಂದಿನ ಕೋಣೆ, ಹಲ್ಲಿನ ಬಣ್ಣ. ಒಂದೂ ಬಿಡಲಿಲ್ಲ. ಬಿದ್ದ ಮೇಲೆ ಇಷ್ಟು ದೊಡ್ಡದನ್ನು ಅವಳು ಪುಸ್ತಕವಿಲ್ಲದೆ ಹೇಳಿದ್ದು ಇದೇ ಮೊದಲು. ಇವಳು ಅಳುತ್ತ ನಗುತ್ತ ಪ್ರತಿ ಮಾತಿಗೂ "ಹೌದು, ಹೌದು" ಎನ್ನುತ್ತಿದ್ದಳು. ಹಾಲು ಉಕ್ಕಿ ಒಲೆ ಆರಿದ್ದನ್ನು ನಾನು ಆಮೇಲೆ ನೋಡಿದೆ.

ಹತ್ತು ಗಂಟೆಗೆ ಟೀಚರ ಬಳಿಗೆ ನಾನೇ ಕರೆದುಕೊಂಡು ಹೊರಟೆ. ಆಸ್ಪತ್ರೆಯ ಎದುರಿನ ದೊಡ್ಡ ರಸ್ತೆಯಲ್ಲಿ ಬಸ್ಸಿಳಿದೆವು. ವಾಹನಗಳು ಎರಡೂ ಕಡೆಯಿಂದ ಬರುತ್ತಿದ್ದವು. ಎಂದಿನಂತೆ ಕೈ ಚಾಚಿದೆ. ಚೂಟಿ ನನ್ನ ಕೈಯನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.

"ನಾನೇ ನೋಡ್ಕೊಂಡು ದಾಟ್ತೀನಿ" ಎಂದಳು.

ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ನೋಡಿದ್ದನ್ನು ನಂಬದೆ ಮತ್ತೊಮ್ಮೆ ಬಲಕ್ಕೆ ನೋಡಿದಳು. ಒಂದು ಲಾರಿ ಹೋಗಲು ಬಿಟ್ಟಳು. ಆಮೇಲೆ ದಾಟಿದಳು. ಸರಿಯಾಗಿಯೇ ದಾಟಿದಳು. ನಾನು ಹಿಂದಿನಿಂದ ದಾಟಿದೆ.